ಗಾಳದ ದಾರ ಕಾಣುತ್ತದೆ

ಎಸ್ಕನಾಬಾದಲ್ಲಿ ಡಿಸೆಂಬರ್ ಇಪ್ಪತ್ತಮೂರರ ರಾತ್ರಿ
ಬೌಲಿಂಗ್ ಆಡುವ ಜಾಗದ ನೆಲಮಾಳಿಗೆಗೆ ಇಳಿಯುವ ನಾವು
ಬೂಟಿನ ಹಿಮವನ್ನು ಮೆಟ್ಟಿಲ ಮೇಲೇ ಕೊಡವಿ,
ಒಂದು ಡಾಲರೋ ಒಂದು ಡಬ್ಬಿ ಬೀನ್ಸೋ
ಬಾಗಿಲ ಬಳಿಯ ರಟ್ಟಿನ ಪೆಟ್ಟಿಗೆಗೆ ಹಾಕಿ
ಬಿಯರ್ ಹಿಡಿದು
ಕೊಲೆ ನೋಡಲು ಕೂರುತ್ತೇವೆ.

ಕೊಲೆಗಾರ ಒಂದು ಕ್ರಿಸ್‌ಮಸ್ ಮರ.
ಆರಡಿ ಪ್ಲಾಸ್ಟಿಕ್, ಕಂತಿನಲ್ಲಿ ಕೊಂಡದ್ದು.
ಯಾಕೆ ಕೊಲ್ಲುತ್ತದೆ ಎಂದು ಕೇಳಬೇಡಿ.
ಒಂದು ಕಡೆ ಶಾಪ ಅನ್ನುತ್ತಾರೆ, ಇನ್ನೊಂದು ಕಡೆ ಕರೆಂಟು.
ಪಾದ್ರಿ ನಿಜವಾದ ಕಾರಣ ಹೇಳುವ ಹೊತ್ತಿಗೆ
ಹೊರಗೆ ಲಾರಿಯೊಂದು ಹಾದು
ಅವನ ತುಟಿ ಮಾತ್ರ ಆಡುತ್ತದೆ.

ಎಂಬತ್ತಾರರ ಜುಲೈಯಲ್ಲಿ ತೆಗೆದದ್ದು.
ಸೋಫಾ ಮಾರುವ ವೈನೋ ಕಂಗಾಸನ ಗೋದಾಮು,
ಅವನದೇ ದುಡ್ಡು, ಭಾವಮೈದುನನ ಕ್ಯಾಮೆರಾ.
ಹಿಮಕ್ಕೆ ಆಲೂಗೆಡ್ಡೆಯ ಪುಡಿ.
ಏಣಿಯ ಮೇಲೆ ಜರಡಿ ಹಿಡಿದವಳು ನಾನು, ಒಂಬತ್ತು ವರ್ಷ.
ಕೆಳಗೆ ಉಣ್ಣೆಯ ಕೋಟು ತೊಟ್ಟು
ಧಾರಾಕಾರ ಬೆವರುತ್ತ, ಗಡಗಡ ನಡುಗುವವರ ಹಣೆಯಲ್ಲಿ
ನನ್ನ ಹಿಮ ನಿಧಾನವಾಗಿ ಪಲ್ಯವಾಗುತ್ತಿತ್ತು.
ಈಗಲೂ ಆಗುತ್ತದೆ. ಮುಂದಿನ ಸಾಲಿನಲ್ಲಿ ಕೂತರೆ ಕಾಣುತ್ತದೆ.

ಮರ ಹೊರಟಾಗಲೆಲ್ಲ
ಬುಡದಲ್ಲಿ ಥಳಕ್ಕೆಂದು ಮಿಂಚುತ್ತದೆ ಗಾಳದ ದಾರ.
‘ದಾರ!’ ಎಂದು ಕೂಗುತ್ತದೆ ಇಡೀ ನೆಲಮಾಳಿಗೆ.

ಒಳ್ಳೆಯ ಸಿನಿಮಾಗಳಲ್ಲಿ ದಾರ ಕಾಣುವುದಿಲ್ಲ.
ಕಾಣದ್ದಕ್ಕೇ ಹೆದರಿ, ಮನೆಗೆ ಹೋಗಿ
ಬಚ್ಚಲ ದೀಪ ಆರಿಸದೆ ಮಲಗುತ್ತೇವೆ.
ಇಲ್ಲಿ ಆ ತುದಿಯಲ್ಲಿ ಇರುವುದು
ಅಂಚೆಯ ಆರ್ವೋ ಎಂದು ಮಕ್ಕಳಿಗೂ ಗೊತ್ತು.
ಸೋಫಾ ಹಿಂದೆ ಬೋರಲು ಮಲಗಿ ಎಳೆಯುತ್ತಿದ್ದಾನೆ,
ಸರೋವರದಿಂದ ದೊಡ್ಡ ಮೀನು ಎಳೆದ ಹಾಗೆ.
ಒಮ್ಮೆ ಅವನ ಬೋಳುತಲೆ ಮೇಲೇಳುತ್ತದೆ,
ಅದು ಚಂದ್ರ ಎಂದು ವೈನೋ ಇವತ್ತಿಗೂ ವಾದಿಸುತ್ತಾನೆ.

ಮೊದಲು ಸಾಯುವವಳು ಐಲಿ, ಶಾಲೆಯ ಅಡುಗೆಯವಳು.
ರಕ್ತವನ್ನೂ ಅವಳೇ ತಂದಿದ್ದಳು:
ಬೀಟ್‌ರೂಟ್ ಡಬ್ಬಿಗಳ ನೀರು, ಎರಡು ಬಕೆಟ್.
ಬಣ್ಣದ ದೀಪದ ಸರ ಕೊರಳಿಗೆ ಬಿಗಿದು
(ತಾನೇ ಎರಡು ಸುತ್ತು ಸುತ್ತಿಕೊಂಡು)
‘ಅಯ್ಯೋ, ಮರ!’ ಎಂದು,
ಬೀಳುವ ಮುನ್ನ ಹಿಂದಿರುಗಿ ನೋಡಿ, ಸ್ಕರ್ಟು ಸರಿಮಾಡಿಕೊಂಡು
ಬೀಳುತ್ತಾಳೆ.
ಕ್ಯಾಮೆರಾ ಆರಿಸುವುದು ಭಾವಮೈದುನನಿಗೆ ಮರೆತಿದೆ.
ನಲವತ್ತು ಸೆಕೆಂಡು.
ಹೆಣದ ಹಸಿರು ಸ್ವೆಟರಿನ ಮೂರನೆಯ ಗುಂಡಿ
ಏರುತ್ತದೆ, ಇಳಿಯುತ್ತದೆ.
ಆಗ ಎಲ್ಲರೂ ಒಟ್ಟಿಗೆ
‘ಉಸಿರಾಡ್ತಿದಾಳೆ!’ ಎಂದು ಕೂಗಿ
ಹೊಟ್ಟೆ ಹುಣ್ಣಾಗುವಂತೆ ನಗುವುದು ವಾಡಿಕೆ.
ಐಲಿಯೇ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದಳು,
ಮೂರನೆಯ ಸಾಲಿನಿಂದ.

ಅಕ್ಟೋಬರಿನಲ್ಲಿ ಅವಳನ್ನು ಮಣ್ಣು ಮಾಡಿದೆವು.

ಈ ಸಲ ಟೇಪು ಹಾಕುವುದೋ ಬೇಡವೋ ಎಂದು
ಆರ್ವೋ ನಾನು ಎರಡು ದಿನ ಜಗಳವಾಡಿದ್ದೆವು.
ಹಾಕಿದೆವು.
ಅವಳ ಗಂಡ ಓರಿನ್ ಬಂದ, ಅದೇ ಕುರ್ಚಿ,
ಪಕ್ಕದ್ದರ ಮೇಲೆ ತನ್ನ ಟೋಪಿ.

ದೀಪದ ಸರ. ಮರ. ಸ್ಕರ್ಟು.
ಬಿದ್ದಳು.
ಯಾರೂ ಕೂಗಲಿಲ್ಲ.
ಮೇಲೆಲ್ಲೋ ಚೆಂಡು ಉರುಳಿ ಪಿನ್ನುಗಳು ಬಿದ್ದ ಸದ್ದು.
ಗುಂಡಿ ಏರಿತು, ಇಳಿಯಿತು, ಏರಿತು.
ಇಷ್ಟು ವರ್ಷ ಇದನ್ನು ತಪ್ಪು ಅಂದುಕೊಂಡಿದ್ದೆವು.

ಮೂವತ್ತನೆಯ ಸೆಕೆಂಡಿಗೆ ಓರಿನ್
ಮಂಡಿಗೆ ಕೈಯೂರಿ ಎದ್ದ.
ಬೆರಳು ಚಾಚಿದ.
‘ಉಸಿರಾಡ್ತಿದಾಳೆ ಕಣ್ರೋ!’
ಅವನ ದನಿ ನಡುವೆ ಮುರಿಯಿತು, ಅದಕ್ಕೂ ಯಾರೋ ನಕ್ಕರು,
ಆಮೇಲೆ ಎಲ್ಲರೂ,
ಆರ್ವೋನಂತೂ ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು.

ಮರ ಅಂಗಡಿ ಬೀದಿಯತ್ತ ತಿರುಗಿತು.
ಇನ್ನೂ ಆರು ಕೊಲೆ ಬಾಕಿ ಇತ್ತು.
ಹಿಂದಿನಿಂದ ಯಾರೋ ಪಾಪ್‌ಕಾರ್ನ್ ದಾಟಿಸಿದರು.